ಒಡಪಿನಲ್ಲಿ ನಿಂತುಹೋದ ಹೆಸರು

ನನಗೆ ಮೊದಲು ಬಂದದ್ದು ಬರೀ ನೆಗಡಿ. ಆ ಚಳಿಗಾಲದಲ್ಲಿ ಮೂಡಲಗಿಯ ನಮ್ಮ ಓಣಿಯಲ್ಲಿ ಮೂಗು ಸೋರದ ಮನೆಯೇ ಇರಲಿಲ್ಲ. ಹಾಗಾಗಿ ನನ್ನ ನೆಗಡಿಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ನಾನಂತೂ ತೆಗೆದುಕೊಳ್ಳಲೇ ಇಲ್ಲ. ನಾನು ಹೊಲಿಗೆಯವಳು. ಪಡಸಾಲೆಯಲ್ಲಿ ಎರಡು ಮಷಿನ್ ಇಟ್ಟುಕೊಂಡು ಹೆಣ್ಣುಮಕ್ಕಳ ಜಂಪರ್ ಹೊಲಿದುಕೊಡುತ್ತೇನೆ. ಲಗ್ನದ ದಿನಗಳು ಹತ್ತಿರ ಬಂದಿದ್ದವು, ಮೂಲೆಯಲ್ಲಿ ಅರಿವೆಯ ಗಂಟುಗಳು ಬಿದ್ದಿದ್ದವು, ಬಂದವರೆಲ್ಲ ತಮ್ಮದೇ ಮೊದಲಾಗಬೇಕು ಅಂತ ಪಟ್ಟು ಹಿಡಿದು ಕೂರುತ್ತಿದ್ದರು. ಇದರ ನಡುವೆ ನೆಗಡಿಗೆಲ್ಲ ಮಲಗುವವಳು ನಾನಲ್ಲ. ನಾನು ಗಟ್ಟಿ ಹೆಂಗಸು ಅಂತ ನನ್ನ ಬಗ್ಗೆ ನನಗೇ ಸ್ವಲ್ಪ ಜಂಬ ಇತ್ತು.

ಜಂಬ ಬೇಗ ಇಳಿಯಿತು. ನೆಗಡಿ ಹೋಗಿ ಜ್ವರ ಬಂತು, ಜ್ವರದ ಹಿಂದೆ ಕೆಮ್ಮು, ಕೆಮ್ಮಿನ ಹಿಂದೆ ದಮ್ಮು. ಅತ್ತೆ ಶುಂಠಿ, ಮೆಣಸು, ಬೆಲ್ಲ ಹಾಕಿ ಕಷಾಯ ಕುದಿಸಿ ಕೊಟ್ಟರು. ನಮ್ಮವರು ಔಷಧದ ಅಂಗಡಿಯಿಂದ ಗುಳಿಗೆ ತಂದರು. ಒಂದು ಬೆಳಿಗ್ಗೆ ಬಚ್ಚಲಿನಿಂದ ಅಡುಗೆಮನೆಗೆ ಬರುವಷ್ಟರಲ್ಲಿ ಗೋಡೆ ಹಿಡಿದು ಕುಸಿದು ಕೂತೆ. ಅರ್ಧ ಮಾತಿಗೇ ಉಸಿರು ಮುಗಿಯುತ್ತಿತ್ತು. ನಮ್ಮವರದು ಪಂಪ್‌ಸೆಟ್ಟಿನ ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವ ಕೆಲಸ. ಆಗಷ್ಟೇ ತೆರೆದಿದ್ದ ಅಂಗಡಿಯನ್ನು ಹಾಗೇ ಮುಚ್ಚಿ, ಪರಿಚಯದವರ ಕಾರು ತಂದು, ನನ್ನನ್ನು ಗೋಕಾಕಿಗೆ ಕರೆದುಕೊಂಡು ಹೋಗಿ ಒಂದು ಆಸ್ಪತ್ರೆಗೆ ಸೇರಿಸಿದರು.

ಎದೆಯ ಫೋಟೋ ತೆಗೆದರು, ಮೂಗಿನಿಂದ ಸ್ವಾಬ್ ತೆಗೆದರು, ಮೂಗು ಬಾಯಿ ಮುಚ್ಚುವಂತೆ ಆಕ್ಸಿಜನ್ ಮಾಸ್ಕ್ ಕಟ್ಟಿದರು. ಇನ್‌ಫ್ಲುಯೆಂಜಾ ಎಂಬ ವೈರಸ್ಸು, ಎದೆಗೆ ಇಳಿದು ನ್ಯುಮೋನಿಯಾ ಆಗಿದೆ ಅಂದರು. ಕೊರೊನಾ ಅಲ್ಲ ಅಂದದ್ದೊಂದೇ ನಮ್ಮ ಅತ್ತೆ ನೀಲವ್ವನವರ ಕಿವಿಗೆ ಬಿದ್ದದ್ದು. ಅವರು ಆ ಸುದ್ದಿಯನ್ನು ವಾರ್ಡಿನ ಎಲ್ಲ ಹಾಸಿಗೆಗೂ ಹೋಗಿ ಹೇಳಿ ಬಂದರು, ಮಗಳು ಪಾಸಾದಳು ಅಂತ ಪೇಢೆ ಹಂಚಿ ಬಂದ ಹಾಗೆ. ಆಮೇಲೆ ಪಕ್ಕದ ಹಾಸಿಗೆಯವರ ಜೊತೆ ಗೆಳೆತನ ಮಾಡಿಕೊಂಡರು. ಕೌಜಲಗಿಯಿಂದ ಬಂದ ಆ ಮನೆಯವರು ಮಧ್ಯಾಹ್ನ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದರೆ ಅತ್ತೆಗೂ ಒಂದು ಪಾಲು. ನಾನು ಮಾಸ್ಕಿನೊಳಗಿಂದ ಚಟ್ನಿಯ ವಾಸನೆ ಹುಡುಕುತ್ತಾ ಮಲಗಿರುತ್ತಿದ್ದೆ.

ಎದೆಯ ಭಾರ ನಿಧಾನಕ್ಕೆ ಕಡಿಮೆಯಾಗತೊಡಗಿತು. ಮಾಸ್ಕ್ ತೆಗೆದು ಮೂಗಿಗೆ ಸಣ್ಣ ನಳಿಕೆ ಹಾಕಿದರು. ಆ ಬೆಳಿಗ್ಗೆ ನಮ್ಮನ್ನು ನೋಡುತ್ತಿದ್ದ ಡಾಕ್ಟರಮ್ಮ ಬಂದರು. ಕರಾವಳಿ ಕಡೆಯವರು, ನಗುಮುಖದವರು, ಪುಸ್ತಕದಲ್ಲಿ ಇದ್ದ ಹಾಗೆ ಕನ್ನಡ ಮಾತಾಡುವವರು. ಜ್ವರ ಜೋರಾಗಿದ್ದವರಿಗೆ ಎಚ್ಚರ ಸರಿಯಾಗಿದೆಯೋ ಇಲ್ಲವೋ ನೋಡಲು ಅವರು ಸಣ್ಣ ಪ್ರಶ್ನೆಗಳನ್ನು ಕೇಳುತ್ತಿದ್ದರು. ನನ್ನ ಹೆಸರು ಕೇಳಿದರು, ಶೋಭಾ ಅಂದೆ. ಊರು ಕೇಳಿದರು, ಮೂಡಲಗಿ ಅಂದೆ. ಈಗ ಎಲ್ಲಿದ್ದೀರಿ ಅಂದರು, ಗೋಕಾಕ ಅಂದೆ. ಯಜಮಾನರ ಹೆಸರೇನು ಅಂದರು.

ನಾನು ತಲೆ ತಗ್ಗಿಸಿದೆ. ತಗ್ಗಿಸಬೇಕು ಅಂತ ಯೋಚಿಸಿ ಮಾಡಿದ್ದಲ್ಲ, ಆ ಪ್ರಶ್ನೆ ಕೇಳಿದಾಗ ಕುತ್ತಿಗೆ ತಾನೇ ಬಾಗುತ್ತದೆ. ಅತ್ತೆ ತಕ್ಷಣ ನಡುವೆ ಬಂದರು.

"ನಮ್ಮ ಕಡೆ ಹೆಣ್ಮಕ್ಕಳು ಗಂಡನ ಹೆಸರ ಹೇಳಂಗಿಲ್ರಿ ಡಾಕ್ಟರ. ಹೇಳಿದ್ರ ಅವರ ಆಯುಷ್ಯ ಕಡಿಮಿ ಆಗತೈತಿ."

ಡಾಕ್ಟರಮ್ಮನಿಗೆ ಇದು ಹೊಸದೇನಲ್ಲ, ಆದರೆ ಈ ಕಾಲದಲ್ಲೂ ಇದೆಯಲ್ಲ ಅಂತ ನಗು ಬಂತು. ಹಾಗಾದರೆ ಇವತ್ತು ಯಾವ ವಾರ, ಅದನ್ನಾದರೂ ನೀವು ಹೇಳಿ ಅಂತ ತಮಾಷೆಗೆ ಅತ್ತೆಯನ್ನೇ ಕೇಳಿದರು. ಅತ್ತೆ ಐತವಾರದ ಮರುದಿನ ಅಂದರು. ಡಾಕ್ಟರಮ್ಮ ಮತ್ತೆ ಕೇಳಿದರು, ಅತ್ತೆ ಮತ್ತೆ ಐತವಾರದ ಮರುದಿನ ಅಂದರು. ಈ ಅಜ್ಜಿಗೇ ಜ್ವರವೇನೋ ಎಂಬಂತೆ ಡಾಕ್ಟರಮ್ಮ ನೋಡಿದಾಗ ಕೌಜಲಗಿಯವರು ವಿವರಿಸಬೇಕಾಯಿತು. ತೀರಿಕೊಂಡ ನಮ್ಮ ಮಾವನ ಹೆಸರು ಸೋಮಪ್ಪ. ಅವರು ಹೋಗಿ ಎಷ್ಟೋ ವರ್ಷವಾದರೂ ಅತ್ತೆಯ ಬಾಯಲ್ಲಿ ಸೋಮವಾರ ಇಲ್ಲ. ವಾರ್ಡಿಗೆ ವಾರ್ಡೇ ನಕ್ಕಿತು, ನಾನೂ ಕೆಮ್ಮುತ್ತಾ ನಕ್ಕೆ. ಡಾಕ್ಟರಮ್ಮ ನನ್ನ ಬೆನ್ನು ತಟ್ಟಿ ಮುಂದಿನ ಹಾಸಿಗೆಗೆ ಹೋದರು.

ನಗು ಮುಗಿದ ಮೇಲೆ ನಾನು ಸುಮ್ಮನೆ ಮನಸ್ಸಿನಲ್ಲೇ ನಮ್ಮವರ ಹೆಸರನ್ನು ಹೇಳಿಕೊಳ್ಳಲು ಹೋದೆ. ಬಾಯಿಂದ ಹೇಳಬಾರದು ಅಂತ ಕಟ್ಟಳೆ ಇದೆಯೇ ಹೊರತು ಮನಸ್ಸಿನಲ್ಲಿ ಯಾರೂ ಬೇಡ ಅಂದಿಲ್ಲ. ಸಿಟ್ಟು ಬಂದಾಗಲೆಲ್ಲ ನಾನು ಅವರನ್ನು ಒಳಗೊಳಗೇ ಹೆಸರು ಹಿಡಿದೇ ಬೈಯುತ್ತಿದ್ದೆ. ಈಗ ನೋಡಿದರೆ ಆ ಹೆಸರು ಇಲ್ಲ. ಮುಖ ಇದೆ, ಮೀಸೆ ಇದೆ, ಬೆಸುಗೆ ಹಾಕುವಾಗ ಸುಟ್ಟುಕೊಂಡ ಬೆರಳಿನ ಕಲೆ ಇದೆ, ಅಂಗಿಗೆ ಅಂಟಿದ ವಾರ್ನಿಷ್ ವಾಸನೆ ಇದೆ. ಮಗಳ ಹೆಸರು ಬಂತು, ತವರಿನವರ ಹೆಸರುಗಳು ಬಂದವು, ನಮ್ಮ ಎಮ್ಮೆ ಗಂಗಿಯ ಹೆಸರೂ ಬಂತು. ಅವರ ಹೆಸರಿನ ಜಾಗ ಮಾತ್ರ ಖಾಲಿ ಇತ್ತು.

ಜ್ವರದ ತಲೆ, ಬೆಳಗಾದರೆ ಸರಿಹೋಗುತ್ತದೆ ಅಂದುಕೊಂಡೆ. ಸರಿಹೋಗಲಿಲ್ಲ, ಬದಲಾಗಿ ಬೇರೆ ಮಾತುಗಳೂ ಜಾರತೊಡಗಿದವು. ಅತ್ತೆಯ ಹತ್ತಿರ ತಂಬಿಗೆ ಕೇಳಲು ಹೋಗಿ, ಅದನ್ನ ಕೊಡ್ರಿ, ಅದು, ನೀರ ಕುಡಿಯೋದು ಅಂದೆ. ಅಶಕ್ತತನ ಅಂತ ಅತ್ತೆ ಕೊಟ್ಟರು. ನರ್ಸು ಪಟ್ಟಿ ಕತ್ತರಿಸುವಾಗ ಅವಳ ಕೈಯಲ್ಲಿ ಇದ್ದದ್ದನ್ನೇ ನೋಡುತ್ತಾ ಮಲಗಿದೆ. ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲ ನನ್ನ ಬಲಗೈಯಲ್ಲಿ ಇದ್ದ ವಸ್ತು ಅದು, ಅದರ ಹೆಸರು ನನಗೆ ಗೊತ್ತಾಗಲಿಲ್ಲ. ಆಗ ನಿಜವಾಗಿಯೂ ಹೆದರಿದೆ. ತಲೆ ಕೆಟ್ಟಿದೆ ಅನ್ನುತ್ತಾರೆ, ಊರಲ್ಲಿ ಸುದ್ದಿ ಹಬ್ಬುತ್ತದೆ, ಇನ್ನು ನನ್ನ ಕೈಗೆ ಯಾರು ಅರಿವೆ ಕೊಡುತ್ತಾರೆ, ಇವೇ ಯೋಚನೆ. ಹೇಳಲು ಬಾಯಿ ಬರಲಿಲ್ಲ. ಕಡಿಮೆ ಮಾತಾಡಿದರೆ ಯಾರಿಗೂ ತಿಳಿಯದು ಅಂತ ಕಣ್ಣು ಮುಚ್ಚಿ ಮಲಗಿಬಿಡುತ್ತಿದ್ದೆ. ಸೊಸೆಗೆ ಒಳ್ಳೆ ನಿದ್ದೆ ಬರುತ್ತಿದೆ ಅಂತ ಅತ್ತೆಗೆ ಸಮಾಧಾನ.

ಮನೆಗೆ ಕಳಿಸುವ ಮಾತು ಶುರುವಾಗಿತ್ತು. ಅಷ್ಟರಲ್ಲಿ ಹುಕ್ಕೇರಿಯಿಂದ ನನ್ನ ತಂಗಿ ರೇಣುಕಾ ಬಂದಳು. ನಮ್ಮ ತವರು ಹುಕ್ಕೇರಿ, ಅವಳನ್ನು ಕೊಟ್ಟದ್ದೂ ಅಲ್ಲೇ. ಅವಳು ಬಂದರೆ ಸತ್ತ ಮನೆಯಲ್ಲೂ ಗದ್ದಲವಾಗುತ್ತದೆ, ಅಂಥ ಬಾಯಿ. ಡಾಕ್ಟರಮ್ಮನ ಪ್ರಶ್ನೆ, ಐತವಾರದ ಮರುದಿನ, ಎಲ್ಲ ಅತ್ತೆಯಿಂದ ಕೇಳಿಸಿಕೊಂಡು ಹೊಟ್ಟೆ ಹಿಡಿದು ನಕ್ಕಳು. ಬರೀ ಹೆಸರು ಹೇಳಬಾರದು ಸರಿ, ಒಡಪು ಹಾಕಿ ಹೇಳಬಹುದಲ್ಲ ಅಂದಳು. ಲಗ್ನದಲ್ಲಿ, ಸೀಮಂತದಲ್ಲಿ ಹೆಣ್ಣುಮಕ್ಕಳನ್ನು ಅಡ್ಡಗಟ್ಟಿ ಹೆಸರು ಹೇಳಿಸುತ್ತಾರಲ್ಲ, ಆಗ ಪ್ರಾಸ ಕಟ್ಟಿ ಅದರೊಳಗೆ ಗಂಡನ ಹೆಸರು ಸೇರಿಸಿ ಹೇಳಿದರೆ ದೋಷವಿಲ್ಲ. ಕೌಜಲಗಿಯ ಹೆಂಗಸರು ತಾವೂ ಸಿದ್ಧ ಅಂದರು. ಒಬ್ಬರು ತಮ್ಮದು ಹೇಳಿದರು, ಇನ್ನೊಬ್ಬರು ಹೇಳಿದರು, ಮಾತ್ರೆ ಕೊಡಲು ಬಂದ ನರ್ಸನ್ನೂ ಬಿಡಲಿಲ್ಲ. ಆಮೇಲೆ ಸರದಿ ನನ್ನದು.

ನನ್ನ ಒಡಪು ಹೊಸದಲ್ಲ, ಲಗ್ನದ ದಿನ ಹೊಸ್ತಿಲಲ್ಲಿ ನಿಂತು ಹೇಳಿದ್ದೇ. ಮೊದಲ ಸಾಲು ಸರಾಗ ಬಂತು.

"ಮೂಡಲ ದಿಕ್ಕಿಗೆ ಮೂಡ್ಯಾನ ಚಂದಿರ..."

ಮುಂದಿನದು, ಇಂಥವರ ಮನಿ ನನಗ ಮಂದಿರ. ಆ ಇಂಥವರ ಜಾಗದಲ್ಲಿ ನಿಂತೆ. ಎಲ್ಲರೂ ನಕ್ಕರು, ನಾಚಿಕೆ ಅಂದರು. ರೇಣುಕಾ ನನ್ನ ಪಕ್ಕೆ ತಿವಿದಳು. ಬಾಯಿ ತೆರೆದೆ, ಏನಾದರೂ ಬರಲಿ ಅಂತ ಜೋರು ಮಾಡಿದೆ. ಬಂದದ್ದು ಹೀಗೆ: "ಮೋಟಾರ ಅವರ ಮನಿ ನನಗ ಮಂದಿರ."

ವಾರ್ಡು ಬಿದ್ದು ಬಿದ್ದು ನಕ್ಕಿತು. ಮೋಟಾರು ಸುತ್ತುವವರ ಹೆಂಡತಿ ಎಷ್ಟು ಚೆಂದ ಹೇಳಿದಳು ಅಂತ ಅತ್ತೆಯೂ ಸೆರಗಿನಿಂದ ಕಣ್ಣು ಒರೆಸಿಕೊಂಡರು. ರೇಣುಕಾ ಒಬ್ಬಳು ನಗಲಿಲ್ಲ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಅಕ್ಕಾ, ಮಾಮಾನ ಹೆಸರ ನಿನಗ ನೆನಪೈತೇನು?"

ನಾನು ಇಲ್ಲ ಅಂತ ತಲೆಯಾಡಿಸಿದೆ, ಅಳು ಬಂದುಬಿಟ್ಟಿತು. ರೇಣುಕಾ ಅತ್ತೆಯ ಕಡೆ ತಿರುಗಿ, ಮೆಲ್ಲಗೆ, "ಅತ್ತೀ, ಇಕಿ ನಾಚಿಕೊಳ್ಳಾಕತ್ತಿಲ್ರಿ. ಇಕಿಗೆ ಹೆಸರ ಗೊತ್ತಾಗವಲ್ದು," ಅಂದಳು. ಅತ್ತೆಯ ಕೈಯಲ್ಲಿದ್ದ ಸೆರಗು ಹಾಗೇ ನಿಂತಿತು.

ಡಾಕ್ಟರಮ್ಮ ಓಡಿ ಬಂದರು. ಜೇಬಿನಿಂದ ಪೆನ್ನು ತೆಗೆದು ತೋರಿಸಿದರು, ಬರೆಯೋದು ಅಂದೆ. ಕೈಗಡಿಯಾರ ತೋರಿಸಿದರು, ಕೈಯಾಗಿಂದು ಅಂದೆ. ರೇಣುಕಾಳ ಚೀಲದಿಂದ ತಲೆ ಬಾಚುವುದನ್ನು ತೆಗೆದು ತೋರಿಸಿದಾಗ ಹಣಿಗಿ ಅಂದೆ. ಡಾಕ್ಟರಮ್ಮ ಇದೂ ತಪ್ಪು ಎಂಬಂತೆ ಬೇಸರದಿಂದ ತಲೆ ಅಲ್ಲಾಡಿಸಿದರು. ಅತ್ತೆಗೆ ಅಂಥ ಹೊತ್ತಿನಲ್ಲೂ ಸಹಿಸಲಾಗಲಿಲ್ಲ. ಅದು ಹಣಿಗೀನ ರೀ, ನಮ್ಮ ಊರಾಗ ಅದಕ್ಕ ಹಣಿಗೀನ ಅಂತಾರ, ಅದೊಂದು ಖರೆ ಐತಿ ಅಂತ ವಾದಕ್ಕೆ ನಿಂತರು. ಬಾಚಣಿಗೆಗೆ ನಮ್ಮ ಕಡೆ ಹಾಗೇ ಅನ್ನುವುದು. ಡಾಕ್ಟರಮ್ಮ ಕ್ಷಮೆ ಕೇಳಿ ಅದನ್ನು ಸರಿ ಅಂತ ಒಪ್ಪಿಕೊಂಡರು. ಎಲ್ಲದರಲ್ಲೂ ಫೇಲಾಗುತ್ತಿದ್ದವಳಿಗೆ ಅದೊಂದೇ ಅಂಕ ಸಿಕ್ಕಿತು, ಅದೂ ಅತ್ತೆ ಜಗಳಾಡಿ ಕೊಡಿಸಿದ್ದು.

ಕೆಲವರಲ್ಲಿ ಈ ವೈರಸ್ಸಿನ ತೊಂದರೆ ಎದೆಗೆ ಮುಗಿಯುವುದಿಲ್ಲ, ಮೆದುಳಿಗೂ ಬಾವು ಬರಬಹುದು, ತಲೆಯ ಸ್ಕ್ಯಾನ್ ಆಗಲೇಬೇಕು ಅಂತ ಡಾಕ್ಟರಮ್ಮ ಹೇಳಿದರು. ಆ ದಿನವೇ ಬೆಳಗಾವಿಯ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಹೊರಡುವಾಗ ಆಂಬ್ಯುಲೆನ್ಸಿನವರೆಗೂ ನಡೆದುಬಂದು, ಅವತ್ತೇ ನಾನು ಇನ್ನೊಂದೆರಡು ಪ್ರಶ್ನೆ ಕೇಳಬೇಕಿತ್ತು ಅಂದರು. ನನಗೆ ಆ ಮಾತು ಈಗಲೂ ಇಷ್ಟ. ಅಷ್ಟು ಹೇಳುವವರು ಕಡಿಮೆ.

ಬೆಳಗಾವಿಯಲ್ಲಿ ಮೊದಲ ತಕರಾರು ತಾಳಿಯದು. ಸ್ಕ್ಯಾನ್ ಮಷಿನ್ನಿನೊಳಗೆ ಲೋಹ ಹೋಗಬಾರದು, ತಾಳಿ, ಕಾಲುಂಗುರ ತೆಗೆಯಿರಿ ಅಂದರು. ಗಂಡ ಬಾಗಿಲಲ್ಲಿ ನಿಂತಿರುವಾಗ ತಾಳಿ ತೆಗೆಯುವುದು ಹೇಗೆ? ಅತ್ತೆ ಅಲ್ಲಾಡಲಿಲ್ಲ. ಅಲ್ಲಿಯ ಆಯಾ ಒಬ್ಬಳು ಇಂಥ ಅತ್ತೆಯರನ್ನು ಬಹಳ ಕಂಡವಳು ಅಂತ ಕಾಣುತ್ತದೆ, ತಾನೇ ಹೋಗಿ ಎಲ್ಲಿಂದಲೋ ಒಂದು ಅರಿಶಿನ ಕೊಂಬು ತಂದುಕೊಟ್ಟಳು. ಅತ್ತೆ ಅದನ್ನು ದಾರಕ್ಕೆ ಕಟ್ಟಿ ನನ್ನ ಕೊರಳಿಗೆ ಹಾಕಿದರು, ಆಮೇಲೆ ತಾಳಿ ತೆಗೆದು ಎಲೆಯಡಿಕೆ ಇಡುವ ತಮ್ಮ ಬಾಳೆಕಾಯಿ ಚೀಲದೊಳಗೆ ಇಟ್ಟುಕೊಂಡು ಅದನ್ನು ಸೊಂಟಕ್ಕೆ ಸಿಕ್ಕಿಸಿದರು. ಮಷಿನ್ನಿನೊಳಗೆ ಯಾರೋ ತಲೆಯ ಹತ್ತಿರ ತಗಡು ಬಡಿಯುವ ಸದ್ದು. ನಾನು ಅರಿಶಿನದ ವಾಸನೆ ತೆಗೆದುಕೊಳ್ಳುತ್ತಾ ಕಣ್ಣು ಮುಚ್ಚಿಕೊಂಡಿದ್ದೆ.

ಎರಡನೆಯದು ಬೆನ್ನಿನ ನೀರು. ಬೆನ್ನುಮೂಳೆಯ ನಡುವಿನಿಂದ ಸ್ವಲ್ಪ ನೀರು ತೆಗೆದು ಪರೀಕ್ಷಿಸಬೇಕು ಅಂದಾಗ ಅತ್ತೆ ಕೂತಲ್ಲೇ ಕೂತರು. ಬೆನ್ನಿನ ನೀರು ತೆಗೆಸಿಕೊಂಡವರು ಎದ್ದು ನಡೆದದ್ದಿಲ್ಲ ಅಂತ ಅವರಿಗೆ ಯಾರೋ ಹೇಳಿದ್ದರು. ಅವರು ನಮ್ಮವರ ಕೈ ಹಿಡಿದು ಬೇಡ ಅಂದರು. ನಮ್ಮವರು ತಾಯಿಯ ಮಾತು ಮೀರುವವರಲ್ಲ, ಮೀರಿದ್ದು ನಾನು ನೋಡಿಲ್ಲ. ಅವತ್ತು ಸುಮ್ಮನೆ ಕೈ ಬಿಡಿಸಿಕೊಂಡು ಹೋಗಿ ಸಹಿ ಮಾಡಿ ಬಂದರು. ಬಗ್ಗಿಸಿ ಮಲಗಿಸಿದರು, ಸೂಜಿ ಚುಚ್ಚಿದರು, ನೋವಾಯಿತು, ಮುಗಿಯಿತು. ಸೂಜಿಯಲ್ಲೇ ಬಾಳ್ವೆ ಮಾಡಿದವಳು ನಾನು, ಆದರೂ ಮಾರನೆಯ ದಿನದವರೆಗೂ ಹಾಸಿಗೆಯಲ್ಲಿ ಕಾಲ್ಬೆರಳು ಅಲ್ಲಾಡಿಸಿ ನೋಡಿಕೊಳ್ಳುತ್ತಿದ್ದೆ.

ರಿಪೋರ್ಟು ಬರುವವರೆಗೆ ಮಾಡಲು ಏನೂ ಇರಲಿಲ್ಲ. ನಮ್ಮವರು ಹಾಸಿಗೆಯ ಬಾಜೂ ಸ್ಟೂಲಿನ ಮೇಲೆ ಕೂತಿದ್ದರು. ಮಾತು ಕಡಿಮೆಯ ಮನುಷ್ಯ, ಮೋಟಾರು ಬಿಚ್ಚಿದರೆ ಊಟದ ನೆನಪೂ ಇಲ್ಲದವರು. ನಿಮ್ಮ ಹೆಸರು ಹೋಯಿತಲ್ಲ, ಎಮ್ಮೆಯ ಹೆಸರು ಇದೆಯಲ್ಲ ಅಂತ ನಾನು ತಡವರಿಸುತ್ತಾ ಹೇಳಿ ಅತ್ತುಬಿಟ್ಟೆ. ಅವರು ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡರು.

"ಇಷ್ಟ ವರ್ಷ ನನ್ನ ಹೆಸರಿಲ್ಲದನ ಸಂಸಾರ ನಡದೈತಲ್ಲ. ಮುಂದೂ ನಡೀತೈತಿ. ನೀ ಅಂಜಬ್ಯಾಡ," ಅಂದರು.

ಆಮೇಲೆ, ಎಮ್ಮಿ ಹಾಲರೆ ಕೊಡತೈತಿ ಬಿಡು ಅಂದರು. ನಾನು ಅಳುತ್ತಲೇ ನಕ್ಕೆ.

ಮೆದುಳಿನ ಎಡಭಾಗದಲ್ಲಿ, ಮಾತು ಹುಡುಕುವ ಜಾಗದ ಹತ್ತಿರ, ಬಾವು ಇತ್ತು. ಸ್ಟೀರಾಯ್ಡ್ ಇಂಜೆಕ್ಷನ್ ಶುರು ಮಾಡಿದರು. ಬಹಳ ಮಂದಿ ಸುಧಾರಿಸುತ್ತಾರೆ, ನಿಧಾನ ಅಂದರು. ಪೂರ್ತಿ ಬರುತ್ತದೋ ಇಲ್ಲವೋ ಅಂತ ಕೇಳಿದ್ದಕ್ಕೆ ಮಾತ್ರ ಹೌದು ಅನ್ನಲಿಲ್ಲ, ನೋಡೋಣ ಅಂದರು. ಆ ನೋಡೋಣವನ್ನು ನಾವು ಮೂವರೂ ಮನೆಗೆ ತಂದುಕೊಂಡೆವು.

ಅತ್ತೆಯ ಸಂಕಟ ನನಗೆ ಆಗ ಗೊತ್ತಾಗಲಿಲ್ಲ, ಆಮೇಲೆ ರೇಣುಕಾ ಹೇಳಿದಳು. ಬೆಳಗಾವಿಯಲ್ಲಿ ಅವರು ಮೆದುಳಿನ ಡಾಕ್ಟರರ ಹಿಂದೆ ಹೋಗಿ ಬಾಗಿಲಲ್ಲೇ ಹಿಡಿದು ನಿಲ್ಲಿಸಿದ್ದರಂತೆ. ಅವತ್ತು ಗೋಕಾಕದಾಗ ನಾ ಬಾಯಿ ಹಾಕದಿದ್ರ ಆ ಡಾಕ್ಟರಮ್ಮಗ ಅವತ್ತ ಗೊತ್ತಾಗತಿತ್ತು, ನನ್ನಿಂದನ ಹಿಂಗ ಆತೇನ್ರಿ ಅಂತ ಕೇಳಿದರಂತೆ. ಅಷ್ಟು ತಡವಾದ್ದರಿಂದ ದೊಡ್ಡ ವ್ಯತ್ಯಾಸವಾಗಿಲ್ಲ ಅಂತ ಆ ಡಾಕ್ಟರರು ನಿಂತು ಸಮಾಧಾನವಾಗಿ ಹೇಳಿದರಂತೆ. ಅದು ನಿಜವೋ, ಮುದುಕಿಯ ಸಮಾಧಾನಕ್ಕೆ ಹೇಳಿದ್ದೋ ನನಗೆ ಗೊತ್ತಿಲ್ಲ. ಹೇಳಿದ್ದಕ್ಕೆ ನಾನು ಅವರಿಗೆ ಋಣಿ. ಆದರೆ ಅತ್ತೆ ಅದನ್ನು ಪೂರ್ತಿ ನಂಬಲಿಲ್ಲ. ಮನೆಗೆ ಬಂದ ಮೇಲೆ ನನ್ನ ಎದುರು ಕೂರುವುದನ್ನೇ ಕಡಿಮೆ ಮಾಡಿದರು. ಬೈಗುಳವೂ ನಿಂತಿತು, ಅದೇ ನನಗೆ ಹೆಚ್ಚು ಕಷ್ಟವಾದದ್ದು.

ಮಾತು ಕಲಿಸುವ ಮೇಡಂ ಒಬ್ಬರು ಗೋಕಾಕಿನಲ್ಲಿದ್ದರು, ಅವರ ಹತ್ತಿರ ಹೋಗಲು ಶುರು ಮಾಡಿದೆ. ಬಸ್ಸಿನಲ್ಲಿ ನಮ್ಮವರು ಕಿಟಕಿಯ ಪಕ್ಕ ನನ್ನನ್ನು ಕೂರಿಸಿ ಹೊರಗೆ ಕಾಣುವುದನ್ನೆಲ್ಲ ತೋರಿಸುತ್ತಾ ಹೆಸರು ಕೇಳುತ್ತಿದ್ದರು. ಕಬ್ಬು, ಟ್ರ್ಯಾಕ್ಟರ್, ಕುರಿಹಿಂಡು. ಹಿಂದಿನ ಸೀಟಿನವರು ಒಮ್ಮೆ ಇವರೇನು ಈ ವಯಸ್ಸಿನಲ್ಲಿ ಹೆಂಡತಿಗೆ ಸಾಲಿ ಕಲಿಸುತ್ತಿದ್ದಾರಲ್ಲ ಅಂತ ಕೇಳಿಯೇಬಿಟ್ಟರು. ಮೇಡಂ ಚಿತ್ರಗಳನ್ನು ಒಂದೊಂದಾಗಿ ಮುಂದಿಡುತ್ತಿದ್ದರು. ಸೂಜಿ ಬಂತು, ದಾರ ಬಂತು, ಗುಂಡಿ ಬಂತು. ಕತ್ತರಿ ಬಂದ ದಿನ ನಾನು ಆ ಪದವನ್ನು ಬಸ್ಸಿನುದ್ದಕ್ಕೂ ಹೇಳಿಕೊಂಡು ಬಂದೆ, ಮರಳಿ ಬಿಟ್ಟುಹೋದರೆ ಏನು ಗತಿ ಅಂತ.

ಅಲ್ಲಿ ಕಾಯುವ ಬೆಂಚಿನ ಮೇಲೆ ಅಂಕಲಗಿಯ ಒಬ್ಬ ತಾಯಿ ಸಿಗುತ್ತಿದ್ದರು. ಅವರ ಗಂಡನಿಗೂ ಹೀಗೇ ಜ್ವರ, ಎದೆ, ಆಮೇಲೆ ಮಾತು. ಆ ಯಜಮಾನರು ಇನ್ನೂ ಹೂಂ, ಉಹೂಂ ಬಿಟ್ಟರೆ ಬೇರೆ ಆಡುತ್ತಿರಲಿಲ್ಲ. ಆ ತಾಯಿ ಪ್ರತಿ ಸಲವೂ ನನ್ನನ್ನು ಮಾತಾಡಿಸುತ್ತಿದ್ದರು, ನನ್ನ ಬಾಯಿಂದ ಎಷ್ಟು ಮಾತು ಬರುತ್ತದೆ ಅಂತ ನೋಡಲಿಕ್ಕೆ. ಬರತಾವೇನ್ರಿ ಮಾತು ಅಂತ ಒಮ್ಮೆ ಕೇಳಿದರು. ಬರತಾವ್ರಿ, ತಡ ಆಗತೈತಿ, ಆದ್ರ ಬರತಾವು ಅಂದೆ. ಹಾಗೆ ಕೇಳುವವರು ಇನ್ನೂ ಬಹಳ ಜನ ಇರಬಹುದು, ಅವರಿಗೆಲ್ಲ ಬೆಂಚಿನ ಪಕ್ಕ ನಾನು ಸಿಗುವುದಿಲ್ಲ. ಅದಕ್ಕೇ ಇದನ್ನೆಲ್ಲ ಬರೆಯಲು ಕೂತದ್ದು.

ಎಲ್ಲ ಬಂದರೂ ನಮ್ಮವರ ಹೆಸರು ಬರಲಿಲ್ಲ. ಯಾರಾದರೂ ಹೇಳಿಕೊಟ್ಟರೆ ತಕ್ಷಣ ಅನ್ನಬಲ್ಲೆ, ಸ್ವಲ್ಪ ಹೊತ್ತಿಗೆ ಮತ್ತೆ ಜಾಗ ಖಾಲಿ. ಮೇಡಂ ಯೋಚಿಸಿ ಕೇಳಿದರು, ಈ ಹೆಸರನ್ನು ನೀವು ಇದುವರೆಗೆ ಬಾಯಿಬಿಟ್ಟು ಎಷ್ಟು ಸಲ ಹೇಳಿದ್ದೀರಿ ಅಂತ. ಲಗ್ನದ ದಿನ ಒಡಪಿನಲ್ಲಿ ಹೇಳಿದ್ದೆ, ಸೀಮಂತದಲ್ಲಿ ಇನ್ನೊಮ್ಮೆ. ಅದೇ ಕಾರಣವಿರಬಹುದು ಅಂದರು. ಸೂಜಿ, ದಾರ ಅನ್ನುವ ಮಾತುಗಳು ನಿಮ್ಮ ಬಾಯಲ್ಲಿ ದಿನಾ ಓಡಾಡಿವೆ, ಅವುಗಳಿಗೆ ದಾರಿ ಗೊತ್ತು, ಈ ಹೆಸರು ಆ ದಾರಿಯಲ್ಲಿ ನಡೆದೇ ಇಲ್ಲ, ಇನ್ನು ಮೇಲೆ ದಿನಾ ಅದನ್ನು ಗಟ್ಟಿಯಾಗಿ ಹೇಳಬೇಕು ಅಂದರು.

ಮನೆಗೆ ಬಂದು ಇದನ್ನು ಅತ್ತೆಗೆ ಹೇಳುವುದು ಯಾರು? ನಮ್ಮವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಕೊನೆಗೆ ನಾನೇ ಹೇಳಿದೆ. ಒಬ್ಬನೇ ಮಗ, ಅವನ ಆಯುಷ್ಯದ ಮಾತು. ಅತ್ತೆ ಎದ್ದು ದೇವರ ಜಗುಲಿಯ ಮುಂದೆ ಹೋಗಿ ಲಿಂಗಪೂಜೆಗೆ ಕೂತರು, ಎಂದಿಗಿಂತ ಬಹಳ ಹೊತ್ತು ಕೂತರು. ಹೊರಗೆ ಬಂದು ನನ್ನನ್ನು ಕರೆದರು.

"ಅಂವನ ಆಯುಷ್ಯ ನಾ ದೇವರ ಮುಂದ ಇಟ್ಟೇನಿ, ಅದನ್ನ ನಾ ನೋಡ್ಕೋತೇನಿ. ನೀ ಹೆಸರ ಹೇಳು."

ಹೇಳು ಅಂದರೇ ಹೊರತು ಕೇಳಿಸಿಕೊಳ್ಳಲು ಅವರಿಂದ ಆಗಲಿಲ್ಲ. ಸಂಜೆ ನಾನು ನಮ್ಮವರ ಫೋಟೋ ಮುಂದೆ ಇಟ್ಟುಕೊಂಡು ಅಭ್ಯಾಸಕ್ಕೆ ಕೂತರೆ ಅತ್ತೆ ಹಿತ್ತಲಿಗೆ ಹೋಗಿ, ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದರು. ಮಗಳು ಹೆಸರು ಹೇಳಿಕೊಡುತ್ತಿದ್ದಳು, ನಾನು ಅನ್ನುತ್ತಿದ್ದೆ, ಹಿತ್ತಲಲ್ಲಿ ಕೊಡ ಢಣ್ ಅನ್ನುತ್ತಿತ್ತು. ಇಷ್ಟೆಲ್ಲ ಆಗಿ, ಅಂಗಡಿ ಮುಚ್ಚಿ ಅವರು ಒಳಗೆ ಬಂದು ಕಾಲು ತೊಳೆಯುವ ಹೊತ್ತಿಗೆ ನೋಡಿದರೆ ಹೆಸರು ಮತ್ತೆ ಇಲ್ಲ. ಬಂತೇನು ಅಂತ ಅವರು ಕಣ್ಣಿನಲ್ಲೇ ಕೇಳುತ್ತಿದ್ದರು, ಇಲ್ಲ ಅಂತ ನಾನು ಕಣ್ಣಿನಲ್ಲೇ ಹೇಳುತ್ತಿದ್ದೆ. ಅತ್ತೆ ಅದನ್ನು ನೋಡಿಯೂ ನೋಡದ ಹಾಗೆ ರೊಟ್ಟಿ ಬಡಿಯುತ್ತಿದ್ದರು.

ಬೇಸಿಗೆ ಬರುವ ಹೊತ್ತಿಗೆ ಮತ್ತೆ ಮಷಿನ್ ತುಳಿಯತೊಡಗಿದ್ದೆ. ಬೇಗ ದಣಿವಾಗುತ್ತಿತ್ತು, ಈಗಲೂ ಆಗುತ್ತದೆ. ಒಂದು ಮುಂಜಾನೆ ನಮ್ಮವರು ಹುಕ್ಕೇರಿ ಕಡೆಯ ಗಿರಾಕಿಯ ಮೋಟಾರು ಕೊಡಲು ಹೊರಟಿದ್ದರು. ಬೈಕಿನ ಹಿಂದೆ ಮೋಟಾರು ಇಟ್ಟು, ಹಗ್ಗ ಬಿಗಿದು, ಅತ್ತೆಗೆ ಬರ್ತೇನಿ ಅಂತ ಹೇಳಿ ಗಾಡಿ ಚಾಲೂ ಮಾಡಿದರು. ಅತ್ತೆ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ನಾನು ಪಡಸಾಲೆಯ ಮಷಿನ್ನಿನಿಂದ ತಲೆಯೆತ್ತಿ ನೋಡುತ್ತೇನೆ, ಹಗ್ಗದ ಗಂಟು ಬಿಚ್ಚಿಕೊಂಡು ಒಂದು ತುದಿ ಗಾಲಿಯ ಹತ್ತಿರ ಇಳಿಬಿದ್ದಿದೆ, ಮೋಟಾರು ವಾಲುತ್ತಿದೆ. ಅವರು ಓಣಿಯ ತಿರುವಿನ ಹತ್ತಿರ ಹೋಗಿದ್ದರು. ಹಗ್ಗ ಗಾಲಿಗೆ ಸಿಕ್ಕರೆ ಆ ಕಬ್ಬಿಣವೂ ಅವರೂ ಒಟ್ಟಿಗೇ ನೆಲಕ್ಕೆ.

ಏನ್ರೀ ಅಂತ ಕೂಗಿದೆ. ಓಣಿಯಲ್ಲಿ ನಡೆಯುತ್ತಿದ್ದ ಗಂಡಸರೆಲ್ಲ ತಿರುಗಿ ನೋಡಿದರು, ಅವರೊಬ್ಬರು ನೋಡಲಿಲ್ಲ. ಇಲ್ಲಿ ಕೇಳ್ರಿ ಅಂದೆ, ಬೈಕಿನ ಸದ್ದಿನಲ್ಲಿ ಕೇಳಲಿಲ್ಲ. ಬಾಗಿಲಿಗೆ ಓಡಿದೆ.

"ಮಹಾಂತೇಶಾ!"

ಅವರು ಬ್ರೇಕ್ ಹಾಕಿ ಕಾಲೂರಿ ನಿಂತರು. ತಿರುಗಿ ನನ್ನನ್ನೇ ನೋಡಿದರು, ಗಾಡಿ ಬಂದ್ ಮಾಡುವುದನ್ನೂ ಮರೆತು. ಹಗ್ಗ ಅಂತ ನಾನು ಕೈ ತೋರಿಸಿದೆ. ಅವರು ಹಗ್ಗದ ಕಡೆ ನೋಡಲೇ ಇಲ್ಲ. ಪಕ್ಕದಲ್ಲಿ ಹೋಗುತ್ತಿದ್ದವರು ಯಾರೋ ಮೋಟಾರಿಗೆ ಕೈ ಆನಿಸಿ ಹಿಡಿದರು.

ಆಗ ನನ್ನ ಬಾಯಿಂದ ಏನು ಬಂತು ಅಂತ ನನಗೇ ತಿಳಿಯಿತು. ನಡುಬೀದಿಯಲ್ಲಿ, ಒಡಪಿಲ್ಲ, ರೀ ಇಲ್ಲ, ಬರೀ ಹೆಸರು. ಅದೂ ಅತ್ತೆಯ ಎದುರಿಗೇ. ನಾಲಿಗೆ ಕಚ್ಚಿಕೊಂಡು ಮೆಲ್ಲಗೆ ತಿರುಗಿದೆ. ಅತ್ತೆಯ ಕೈಯಲ್ಲಿದ್ದ ಮೊರ ಓರೆಯಾಗಿ ಜೋಳವೆಲ್ಲ ಕಟ್ಟೆಯ ಕೆಳಗೆ ಚೆಲ್ಲಿತ್ತು, ಓಣಿಯ ಕೋಳಿಗಳು ಆಗಲೇ ಬಂದಿದ್ದವು. ಅತ್ತೆ ಅವನ್ನು ಓಡಿಸಲಿಲ್ಲ.

"ಇನ್ನೊಮ್ಮೆ ಕರಿ," ಅಂದರು.

"ನಿಂತಾರಲ್ರಿ ಅತ್ತೀ, ಇನ್ಯಾಕ ಕರೀಲಿ?" ಅಂದೆ.

"ಅಂವ ನಿಂತಾನ, ಅದು ನನಗ ಗೊತ್ತೈತಿ. ನನಗ ಕೇಳಬೇಕಾಗೇತಿ. ಕರಿ."

ನಾನು ಕರೆದೆ.